ಕಲ್ಲು ಎಲ್ಲಿದೆ, ಎಲ್ಲಿರಬೇಕಿತ್ತು: ವಿದೇಶದಲ್ಲಿ ಸರ್ವೆ ಮತ್ತು ಜಿಯೋಸ್ಪೇಷಿಯಲ್ ವಿಜ್ಞಾನದ ಸ್ನಾತಕೋತ್ತರ ಓದು

ಜಮೀನಿನ ಮೂಲೆಯಲ್ಲಿ ನೆಟ್ಟ ಒಂದು ಗಡಿಕಲ್ಲಿನ ಬಗ್ಗೆ ಎರಡು ಪ್ರಶ್ನೆಗಳನ್ನು ಕೇಳಬಹುದು. ಅದು ಈಗ ಎಲ್ಲಿದೆ ಎಂಬುದು ಮೊದಲನೆಯದು, ಅದು ಎಲ್ಲಿರಬೇಕಿತ್ತು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉಪಕರಣ ಮತ್ತು ಲೆಕ್ಕ ಉತ್ತರ ಕೊಡುತ್ತವೆ. ಆ ಉತ್ತರ ಯಾವ ದೇಶದಲ್ಲಿ ಕಲಿತವರು ಅಳೆದರೂ ಕೆಲವು ಮಿಲಿಮೀಟರ್‌ಗಳ ಒಳಗೆ ಒಂದೇ ಆಗಿರುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದು ಆ ದೇಶದ ಕಾನೂನಿನಲ್ಲಿ, ಹಳೆಯ ನಕ್ಷೆಗಳಲ್ಲಿ, ನೋಂದಣಿ ಕಚೇರಿಯ ಕಡತಗಳಲ್ಲಿ. ಗಡಿ ದಾಟಿದ ಕೂಡಲೇ ಆ ಉತ್ತರವನ್ನು ಹುಡುಕುವ ವಿಧಾನವೇ ಬದಲಾಗುತ್ತದೆ. ಸರ್ವೆ ಎಂಬ ಒಂದೇ ಪದದೊಳಗೆ ಈ ಎರಡೂ ವಿದ್ಯೆಗಳು ಸೇರಿಕೊಂಡಿವೆ. ವಿದೇಶಕ್ಕೆ ಹೋಗಿ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದಬೇಕೆಂದಿರುವವರು ತಮಗೆ ಬೇಕಾದದ್ದು ಯಾವ ಪ್ರಶ್ನೆಯ ಉತ್ತರ ಎಂಬುದನ್ನು ಅರ್ಜಿ ಹಾಕುವ ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮೊದಲನೆಯದನ್ನು ಕಲಿಸುವ ಪದವಿ ಜಗತ್ತಿನೆಲ್ಲೆಡೆ ಚಲಾವಣೆಯಾಗುತ್ತದೆ, ಎರಡನೆಯದನ್ನು ಕಲಿಸುವ ಪದವಿ ಬಹುಮಟ್ಟಿಗೆ ಕಲಿತ ನೆಲಕ್ಕೇ ಅಂಟಿಕೊಂಡಿರುತ್ತದೆ.

ಈ ಭೇದ ಪದವಿಯ ಹೆಸರಿನಲ್ಲಿ ಕಾಣಿಸಿದ್ದರೆ ಆಯ್ಕೆ ಸುಲಭವಾಗುತ್ತಿತ್ತು. ಆದರೆ ಈ ಕ್ಷೇತ್ರದ ಹೆಸರುಗಳಷ್ಟು ಗೊಂದಲದ ಹೆಸರುಗಳು ಬೇರೆ ಎಂಜಿನಿಯರಿಂಗ್ ವಿಷಯಗಳಲ್ಲಿ ಅಪರೂಪ. ಸರ್ವೇಯಿಂಗ್, ಜಿಯೋಡೆಸಿ (ಭೂಮಿಯ ಆಕಾರ ಮತ್ತು ಗುರುತ್ವವನ್ನು ಅಳೆಯುವ ವಿದ್ಯೆ), ಜಿಯೋಮ್ಯಾಟಿಕ್ಸ್, ಜಿಯೋಇನ್ಫರ್ಮ್ಯಾಟಿಕ್ಸ್, ಜಿಯೋಸ್ಪೇಷಿಯಲ್ ಸೈನ್ಸ್, ಸ್ಪೇಷಿಯಲ್ ಎಂಜಿನಿಯರಿಂಗ್ ಎಂಬ ಹೆಸರುಗಳೆಲ್ಲ ಒಂದರ ಮೇಲೊಂದು ಹರಡಿಕೊಂಡಿವೆ. ಜಿಯೋಮ್ಯಾಟಿಕ್ಸ್ ಎಂಬ ಪದ 1960ರ ದಶಕದ ಕೊನೆಯ ಹೊತ್ತಿಗೆ ಫ್ರೆಂಚ್ ಭಾಷೆಯಲ್ಲಿ ಕಾಣಿಸಿಕೊಂಡು, 1980ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಬೇರೂರಿ, ಅಲ್ಲಿಂದ ಇಂಗ್ಲಿಷ್ ಮಾತನಾಡುವ ದೇಶಗಳಿಗೆ ಹರಡಿತು. ಮುಂದೆ ಹಲವು ವಿಶ್ವವಿದ್ಯಾಲಯಗಳು ತಮ್ಮ ಸರ್ವೇಯಿಂಗ್ ವಿಭಾಗದ ಫಲಕವನ್ನು ಇಳಿಸಿ ಈ ಹೊಸ ಹೆಸರನ್ನು ಏರಿಸಿದವು. ಕೆಲವೆಡೆ ಪಠ್ಯವೂ ಬದಲಾಯಿತು, ಕೆಲವೆಡೆ ಫಲಕ ಮಾತ್ರ ಬದಲಾಯಿತು.

ಹಾಗಾಗಿ ಪದವಿಯ ಹೆಸರಿಗಿಂತ ಅದು ಯಾವ ನಿಕಾಯದ ಆಶ್ರಯದಲ್ಲಿದೆ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಜಿಯೋಮ್ಯಾಟಿಕ್ಸ್ ಸ್ನಾತಕೋತ್ತರ ಪದವಿ ಇರುವುದು ವಾಸ್ತುಶಿಲ್ಪ ಮತ್ತು ನಿರ್ಮಿತ ಪರಿಸರ ನಿಕಾಯದಲ್ಲಿ. ಹೀಗಾಗಿ ಅಲ್ಲಿ ನಗರದ ಕಟ್ಟಡಗಳ ಮೂರು ಆಯಾಮದ ಮಾದರಿಗಳಿಗೆ ವಿಶೇಷ ಒತ್ತು. ಕೆನಡಾದ ಕ್ಯಾಲ್ಗರಿಯಲ್ಲಿ ಅದೇ ಹೆಸರಿನ ವಿಭಾಗ ಎಂಜಿನಿಯರಿಂಗ್ ಶಾಲೆಯೊಳಗಿದ್ದು, ಉಪಗ್ರಹ ಸಂಕೇತಗಳಿಂದ ಸ್ಥಾನ ನಿರ್ಣಯಿಸುವ ಸಂಶೋಧನೆಗೆ ಹೆಸರಾಗಿದೆ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಿಯೋಡೆಸಿ ಭೂವಿಜ್ಞಾನ ಶಾಲೆಯ ಭಾಗವಾಗಿದ್ದು, ಗುರುತ್ವ ಕ್ಷೇತ್ರದ ಅಧ್ಯಯನ ಅಲ್ಲಿನ ಹಳೆಯ ಶಕ್ತಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇದು ಸಿವಿಲ್ ಎಂಜಿನಿಯರಿಂಗ್‌ನೊಂದಿಗೆ ಒಂದೇ ವಿಭಾಗದಲ್ಲಿದ್ದರೆ, ನ್ಯೂಜಿಲೆಂಡಿನ ಒಟಾಗೊದಲ್ಲಿ ಸರ್ವೆಗೆಂದೇ ಒಂದು ಪ್ರತ್ಯೇಕ ಶಾಲೆ ಇದೆ. ಅಧ್ಯಾಪಕರು ಯಾವ ಮೂಲದವರೋ ಪ್ರಬಂಧದ ವಿಷಯಗಳು ಆ ಕಡೆಗೆ ವಾಲುತ್ತವೆ. ಇದು ಪರಿಚಯ ಪತ್ರದಲ್ಲಿ ಬರೆದಿರುವುದಿಲ್ಲ, ಹಿಂದಿನ ವರ್ಷಗಳ ಪ್ರಬಂಧಗಳ ಶೀರ್ಷಿಕೆಗಳನ್ನು ಓದಿದರೆ ಗೊತ್ತಾಗುತ್ತದೆ.

ಇನ್ನು, ಪದವಿ ಹಂತದಲ್ಲಿ ಈಗಾಗಲೇ ಟೋಟಲ್ ಸ್ಟೇಷನ್ (ಕೋನ ಮತ್ತು ದೂರ ಎರಡನ್ನೂ ಅಳೆಯುವ ಉಪಕರಣ) ಹಿಡಿದು ಕೆಲಸ ಮಾಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಅಳತೆ ಮಾಡುವುದು ಗೊತ್ತಿದ್ದ ಮೇಲೆ ಸ್ನಾತಕೋತ್ತರ ಹಂತದಲ್ಲಿ ಹೊಸದಾಗಿ ಕಲಿಯುವುದೇನು? ಇದಕ್ಕೆ ಒಂದು ಸಣ್ಣ ಉದಾಹರಣೆಯನ್ನು ಹತ್ತಿರದಿಂದ ನೋಡುವುದೇ ಸರಿಯಾದ ಉತ್ತರ. ಐದು ಬಿಂದುಗಳ ಮುಚ್ಚಿದ ಟ್ರಾವರ್ಸ್ ಒಂದನ್ನು, ಅಂದರೆ ಬಿಂದುವಿನಿಂದ ಬಿಂದುವಿಗೆ ಕೋನ ಮತ್ತು ದೂರ ಅಳೆಯುತ್ತ ಹೊರಟಲ್ಲಿಗೇ ಮರಳುವ ಬಹುಭುಜವನ್ನು, ಅಳೆದಿದ್ದೇವೆ ಎಂದುಕೊಳ್ಳೋಣ. ಒಳಕೋನಗಳ ಮೊತ್ತ ರೇಖಾಗಣಿತದ ಪ್ರಕಾರ 540 ಡಿಗ್ರಿ ಇರಬೇಕು. ನಮಗೆ ಸಿಕ್ಕಿದ್ದು 540 ಡಿಗ್ರಿ 20 ಸೆಕೆಂಡು (ಇಲ್ಲಿ ಸೆಕೆಂಡು ಎಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಭಾಗ). ಡಿಪ್ಲೊಮಾ ತರಗತಿಯಲ್ಲಿ ಕಲಿಸುವ ರೀತಿ ಸರಳ: 20 ಸೆಕೆಂಡುಗಳನ್ನು ಐದರಿಂದ ಭಾಗಿಸಿ, ಪ್ರತಿ ಕೋನದಿಂದ 4 ಸೆಕೆಂಡು ಕಳೆದರೆ ಲೆಕ್ಕ ಸರಿಹೋಯಿತು, ನಕ್ಷೆ ಮುಚ್ಚಿಕೊಂಡಿತು.

ಆದರೆ ಆ ಐದು ಬಾಹುಗಳಲ್ಲಿ ನಾಲ್ಕು ಸುಮಾರು 300 ಮೀಟರ್ ಉದ್ದದವು, ಒಂದು ಮಾತ್ರ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡು 30 ಮೀಟರ್ ಇದೆ ಎಂದಾದರೆ ಚಿತ್ರ ಬೇರೆಯಾಗುತ್ತದೆ. ಉಪಕರಣದ ಕಿರಣವನ್ನು ಹಿಂದಿರುಗಿಸುವ ಪ್ರಿಸಂ ಅನ್ನು ಬಿಂದುವಿನ ಮೇಲೆ ನಿಲ್ಲಿಸುವಾಗ 2 ಮಿಲಿಮೀಟರ್ ಪಕ್ಕಕ್ಕೆ ಸರಿಯುವುದು ಯಾರಿಗೂ ದೊಡ್ಡ ತಪ್ಪಲ್ಲ. 300 ಮೀಟರ್ ದೂರದಿಂದ ನೋಡಿದಾಗ ಆ 2 ಮಿಲಿಮೀಟರ್ ಕೋನದಲ್ಲಿ ಸುಮಾರು 1.4 ಸೆಕೆಂಡಿನ ವ್ಯತ್ಯಾಸ ತರುತ್ತದೆ. 30 ಮೀಟರ್ ದೂರದಿಂದಾದರೆ ಅದೇ 2 ಮಿಲಿಮೀಟರ್ ಸುಮಾರು 14 ಸೆಕೆಂಡುಗಳಷ್ಟಾಗುತ್ತದೆ. ಅಂದರೆ ಗಿಡ್ಡ ಬಾಹುವಿನ ಎರಡು ತುದಿಯ ಕೋನಗಳ ಮೇಲೆಯೇ ಹೆಚ್ಚು ಸಂಶಯ ಪಡಬೇಕಾಗಿತ್ತು. ನಾವಾದರೋ ದೋಷವನ್ನು ಎಲ್ಲ ಕೋನಗಳಿಗೂ ಸಮನಾಗಿ ಹಂಚಿ, ಚೆನ್ನಾಗಿ ಅಳೆದ ಕೋನಗಳನ್ನೂ ಕೆಡಿಸಿಬಿಟ್ಟೆವು.

ಸ್ನಾತಕೋತ್ತರ ಹಂತದ ವಿದ್ಯಾರ್ಥಿ ಇದೇ ಟ್ರಾವರ್ಸ್ ಅನ್ನು ಮತ್ತೆ ಲೆಕ್ಕ ಮಾಡುವಾಗ ಪ್ರತಿ ಕೋನಕ್ಕೂ ಪ್ರತಿ ದೂರಕ್ಕೂ ಅದು ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಹೇಳುವ ಒಂದು ತೂಕವನ್ನು ಕೊಡುತ್ತಾನೆ, ಆ ತೂಕಗಳನ್ನು ಮಾತೃಕೆಯಲ್ಲಿ ಜೋಡಿಸುತ್ತಾನೆ, ಕನಿಷ್ಠ ವರ್ಗ ವಿಧಾನದಿಂದ (ತೂಕ ಸೇರಿಸಿದ ದೋಷಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ) ಎಲ್ಲ ಬಿಂದುಗಳ ನಿರ್ದೇಶಾಂಕಗಳನ್ನು ಒಟ್ಟಿಗೇ ಬಿಡಿಸುತ್ತಾನೆ, ಕೊನೆಗೆ ಪ್ರತಿ ಬಿಂದುವಿನ ಸುತ್ತ ಅದರ ಅನಿಶ್ಚಯವನ್ನು ತೋರಿಸುವ ಒಂದು ಪುಟ್ಟ ದೀರ್ಘವೃತ್ತವನ್ನು ಎಳೆಯುತ್ತಾನೆ. ಈ ವಿಧಾನ ಹೊಸದಲ್ಲ. ಫ್ರೆಂಚ್ ಗಣಿತಜ್ಞ ಲೆಜೆಂಡ್ರ್ ಇದನ್ನು 1805ರಲ್ಲಿ ಪ್ರಕಟಿಸಿದ. ಅದನ್ನು ತಾನು ಅದಕ್ಕೂ ಮೊದಲೇ ಬಳಸುತ್ತಿದ್ದೆನೆಂದು 1809ರಲ್ಲಿ ಹೇಳಿದ ಜರ್ಮನ್ ಗಣಿತಜ್ಞ ಗೌಸ್, ಮುಂದೆ 1820ರ ದಶಕದಲ್ಲಿ ಹ್ಯಾನೊವರ್ ರಾಜ್ಯದ ಸರ್ವೆಯನ್ನು ಸ್ವತಃ ನಡೆಸಿದ. ಅಳತೆಗಳ ಗುಂಪಿನಲ್ಲಿ ಅಡಗಿರುವ ಒಂದು ದೊಡ್ಡ ತಪ್ಪನ್ನು ಸಂಖ್ಯಾಶಾಸ್ತ್ರೀಯ ಪರೀಕ್ಷೆಯಿಂದ ಹೆಕ್ಕಿ ತೆಗೆಯುವ ಕ್ರಮವನ್ನು 1960ರ ದಶಕದಲ್ಲಿ ಡೆಲ್ಫ್ಟ್‌ನ ವಿಲ್ಲೆಮ್ ಬಾರ್ಡಾ ರೂಪಿಸಿದರು. ಒಂದೇ ಮಾತಿನಲ್ಲಿ ಹೇಳುವುದಾದರೆ, ಪದವಿ ಹಂತದಲ್ಲಿ ಉತ್ತರ ತರುವುದನ್ನು ಕಲಿಸುತ್ತಾರೆ. ಸ್ನಾತಕೋತ್ತರ ಹಂತದಲ್ಲಿ ಆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಲೆಕ್ಕ ಹಾಕಿ ಹೇಳುವುದನ್ನು ಕಲಿಸುತ್ತಾರೆ. ಯಾವ ಪಠ್ಯಕ್ರಮದಲ್ಲಿ ಅಳತೆಗಳ ಹೊಂದಾಣಿಕೆಯ ಗಣಿತಕ್ಕೆ ಒಂದು ಪೂರ್ಣ ವಿಷಯದ ಸ್ಥಾನವಿಲ್ಲವೋ ಅದನ್ನು ಸರ್ವೆಯ ಸ್ನಾತಕೋತ್ತರ ಪದವಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ; ಅದು ಒಳ್ಳೆಯ ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮತ್ತು ಮಾಹಿತಿಯನ್ನು ಜೋಡಿಸುವ ವಿದ್ಯೆ) ಪದವಿಯಾಗಿರಬಹುದು, ಅದು ಬೇರೆ ಮಾತು.

ಎತ್ತರದ ವಿಷಯವೂ ಹೀಗೆಯೇ. ಉಪಗ್ರಹ ರಿಸೀವರ್ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಭೂಮಿಗೆ ಹೊಂದುವಂತೆ ಗಣಿತಜ್ಞರು ಕಲ್ಪಿಸಿಕೊಂಡ ನುಣುಪಾದ ಎಲಿಪ್ಸಾಯ್ಡ್‌ನಿಂದ ಅಳೆದದ್ದು. ನೀರು ಹರಿಯುವುದು ಗುರುತ್ವವನ್ನು ಅನುಸರಿಸಿ; ಆ ಗುರುತ್ವವನ್ನು ಅನುಸರಿಸುವ, ಸರಾಸರಿ ಸಮುದ್ರಮಟ್ಟಕ್ಕೆ ಸುಮಾರಾಗಿ ಹೊಂದುವ ಮೇಲ್ಮೈಯಾದ ಜಿಯಾಯ್ಡ್ ಉಬ್ಬುತಗ್ಗುಗಳಿಂದ ಕೂಡಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ಸುಮಾರು 106 ಮೀಟರ್ ಕೆಳಗಿದ್ದರೆ, ನ್ಯೂಗಿನಿ ದ್ವೀಪದ ಬಳಿ ಸುಮಾರು 85 ಮೀಟರ್ ಮೇಲಿದೆ. ಜಿಯಾಯ್ಡ್ 86 ಮೀಟರ್ ಕೆಳಗಿರುವ ಒಂದು ಕರಾವಳಿಯಲ್ಲಿ, ಸಮುದ್ರಮಟ್ಟದಿಂದ 6 ಮೀಟರ್ ಮೇಲಿರುವ ರಸ್ತೆಯ ಮೇಲೆ ನಿಂತವರ ರಿಸೀವರ್ ಮೈನಸ್ 80 ಮೀಟರ್ ಎಂದು ತೋರಿಸುತ್ತದೆ. ಉಪಕರಣ ಕೆಟ್ಟಿಲ್ಲ; ಎರಡು ಎತ್ತರಗಳ ನಡುವಿನ ಅಂತರವನ್ನು ಕೊಡುವ ಜಿಯಾಯ್ಡ್ ಮಾದರಿಯನ್ನು ಸೇರಿಸಿಲ್ಲ, ಅಷ್ಟೇ. ಆ ಮಾದರಿಯನ್ನು ಹೇಗೆ ಕಟ್ಟುತ್ತಾರೆ, ಒಂದು ಪ್ರದೇಶದಲ್ಲಿ ಅದು ಎಷ್ಟು ಸೆಂಟಿಮೀಟರ್‌ವರೆಗೆ ಸರಿ ಎಂಬುದು ಜಿಯೋಡೆಸಿ ತರಗತಿಯ ವಿಷಯ.

ಸ್ಥಾನಕ್ಕೂ ಕಾಲಕ್ಕೂ ಇರುವ ನಂಟನ್ನು ಅರಿಯಲು ಆಸ್ಟ್ರೇಲಿಯಾದಷ್ಟು ಒಳ್ಳೆಯ ಪಾಠಶಾಲೆ ಇಲ್ಲ. ಆ ಭೂಖಂಡವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್‌ನಂತೆ ಈಶಾನ್ಯದತ್ತ ಸರಿಯುತ್ತಿದೆ. ಅಲ್ಲಿನ ಹಳೆಯ ನಿರ್ದೇಶಾಂಕ ವ್ಯವಸ್ಥೆಯನ್ನು 1994ರ ಸ್ಥಿತಿಗೆ ಕಟ್ಟಿಹಾಕಲಾಗಿತ್ತು. ಉಪಗ್ರಹಗಳು ಹೇಳುವ ಸ್ಥಾನ ಮತ್ತು ನಕ್ಷೆಯ ಸ್ಥಾನ ಕ್ರಮೇಣ ದೂರವಾಗುತ್ತ ಬಂದಿದ್ದರಿಂದ 2020ರ ಸ್ಥಿತಿಗೆ ಹೊಂದುವ ಹೊಸ ವ್ಯವಸ್ಥೆಯನ್ನು ತರಲಾಯಿತು, ಮತ್ತು ಎರಡರ ನಡುವೆ ಸುಮಾರು 1.8 ಮೀಟರ್ ಅಂತರವಿದೆ. ಕಲ್ಲು ತನ್ನ ಮಣ್ಣಿನಲ್ಲಿ ಕದಲದೆ ಕುಳಿತಿದೆ, ಅದರ ಸಂಖ್ಯೆಗಳು ಮಾತ್ರ ಬದಲಾಗಿವೆ. ಚಾಲಕನಿಲ್ಲದ ವಾಹನಕ್ಕೆ ಆ 1.8 ಮೀಟರ್ ಎಂದರೆ ರಸ್ತೆಯ ಅರ್ಧ ಪಥ.

ಉಳಿದ ವಿಷಯಗಳನ್ನು ಬೇಗ ಹೇಳಿ ಮುಗಿಸಬಹುದು. ಉಪಗ್ರಹ ಸ್ಥಾನ ನಿರ್ಣಯದಲ್ಲಿ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡು ವ್ಯವಸ್ಥೆಗಳ ಸಂಕೇತಗಳನ್ನು ಸೇರಿಸಿ ಲೆಕ್ಕ ಹಾಕುವುದನ್ನು ಕಲಿಸುತ್ತಾರೆ. ಸುಮಾರು 19 ಸೆಂಟಿಮೀಟರ್ ಉದ್ದದ ರೇಡಿಯೋ ತರಂಗಗಳು ಉಪಗ್ರಹದಿಂದ ರಿಸೀವರ್‌ವರೆಗೆ ಎಷ್ಟು ಪೂರ್ಣಸಂಖ್ಯೆಯಲ್ಲಿ ಹಿಡಿಸುತ್ತವೆ ಎಂಬ ಒಗಟನ್ನು ಬಿಡಿಸಿದಾಗಲೇ ಸೆಂಟಿಮೀಟರ್ ಮಟ್ಟದ ನಿಖರತೆ ಕೈಗೆ ಬರುತ್ತದೆ. ಚಿತ್ರಗಳಿಂದ ಅಳತೆ ತೆಗೆಯುವ ಫೋಟೊಗ್ರಾಮೆಟ್ರಿ, ಲೇಸರ್ ಕಿರಣದಿಂದ ಕೋಟಿಗಟ್ಟಲೆ ಬಿಂದುಗಳನ್ನು ಹಿಡಿಯುವ ಲೈಡಾರ್, ದೂರಸಂವೇದಿ, ಜಿಐಎಸ್, ದತ್ತಸಂಚಯ, ನಕ್ಷಾಶಾಸ್ತ್ರ ಇವು ಬಹುತೇಕ ಎಲ್ಲೆಡೆ ಇರುತ್ತವೆ. ಉಪಗ್ರಹ ರಾಡಾರ್‌ನಿಂದ ನೆಲ ಕುಸಿಯುವುದನ್ನು ಅಳೆಯುವ ಪಾಠ ಈಗ ಬಹಳಷ್ಟು ಕಡೆ ಸೇರಿದೆ. ಐರೋಪ್ಯ ಒಕ್ಕೂಟದ ಸೆಂಟಿನೆಲ್-1 ಉಪಗ್ರಹಗಳು 2014ರಿಂದ ಉಚಿತವಾಗಿ ಕೊಡುತ್ತಿರುವ ದತ್ತಾಂಶವೇ ಇದಕ್ಕೆ ಮುಖ್ಯ ಕಾರಣ. ಪ್ರಯೋಗಾಲಯದಲ್ಲಿ ಕೂತ ವಿದ್ಯಾರ್ಥಿ ತಾನು ಕಾಲಿಡದ ನಗರವೊಂದು ಎಷ್ಟು ಸೆಂಟಿಮೀಟರ್ ಕುಸಿದಿದೆ ಎಂದು ಹೇಳಬಲ್ಲ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಬಾರದಿದ್ದರೆ ಮೊದಲ ಸೆಮಿಸ್ಟರ್‌ನಲ್ಲಿಯೇ ಉಸಿರುಕಟ್ಟುತ್ತದೆ, ಆದ್ದರಿಂದ ಅದನ್ನು ಹೊರಡುವ ಮೊದಲೇ ಕಲಿತಿರಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೊದಲ ಪ್ರಶ್ನೆಯ ವಿದ್ಯೆ. ಎರಡನೆಯ ಪ್ರಶ್ನೆಗೆ, ಅಂದರೆ ಕಲ್ಲು ಎಲ್ಲಿರಬೇಕಿತ್ತು ಎಂಬುದಕ್ಕೆ ಬಂದಾಗ ವಿದೇಶಿ ವಿದ್ಯಾರ್ಥಿಯ ಕಾಲಡಿಯ ನೆಲ ಸ್ವಲ್ಪ ಸರಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭೂ ನೋಂದಣಿ ಸಂಸ್ಥೆಯ ನಕ್ಷೆಯ ಮೇಲೆ ಕಾಣುವ ಕೆಂಪು ಗೆರೆ ಗಡಿಯ ಸ್ಥೂಲ ಸ್ಥಾನವನ್ನು ಮಾತ್ರ ತೋರಿಸುತ್ತದೆ. ಮಾಲೀಕರು ಪ್ರತ್ಯೇಕವಾಗಿ ಅರ್ಜಿ ಹಾಕಿ ನಿರ್ಧರಿಸಿಕೊಳ್ಳದ ಹೊರತು ನಿಖರವಾದ ಗಡಿ ಯಾವುದೆಂದು ಆ ದಾಖಲೆ ಹೇಳುವುದೇ ಇಲ್ಲ. ಹೀಗಾಗಿ ಅಲ್ಲಿ ಗಡಿ ಗುರುತಿಸಲು ಸರ್ಕಾರದ ಪರವಾನಗಿ ಪಡೆದ ಸರ್ವೇಯರ್ ಎಂಬ ವರ್ಗವೇ ಬೆಳೆಯಲಿಲ್ಲ. ಬದಲಿಗೆ 1868ರಲ್ಲಿ ಸ್ಥಾಪನೆಯಾದ ಆರ್‌ಐಸಿಎಸ್‌ನಂಥ ವೃತ್ತಿಸಂಘಗಳು ಕೊಡುವ ಚಾರ್ಟರ್ಡ್ ಸರ್ವೇಯರ್ ಎಂಬ ಮಾನ್ಯತೆಗೆ ಬೆಲೆಯಿದೆ, ಮತ್ತು ಅಲ್ಲಿನ ಹಲವು ಸ್ನಾತಕೋತ್ತರ ಪದವಿಗಳು ಈ ಸಂಘಗಳ ಅನುಮೋದನೆ ಪಡೆದಿರುತ್ತವೆ. ಆ ಸಂಘದಲ್ಲಿ ಸರ್ವೇಯರ್ ಎಂದರೆ ಕಟ್ಟಡದ ವೆಚ್ಚ ಲೆಕ್ಕ ಹಾಕುವವನೂ ಆಗಬಹುದು, ಆಸ್ತಿಯ ಮೌಲ್ಯ ಕಟ್ಟುವವನೂ ಆಗಬಹುದು. ಪದವಿಯ ಹೆಸರಿನಲ್ಲಿ ಸರ್ವೇಯಿಂಗ್ ಎಂದಿದೆ ಎಂದು ಅರ್ಜಿ ಹಾಕಿ, ಕೊನೆಗೆ ಇಟ್ಟಿಗೆ ಸಿಮೆಂಟಿನ ಲೆಕ್ಕ ಕಲಿಯುವ ತರಗತಿಯಲ್ಲಿ ಕುಳಿತುಕೊಳ್ಳುವ ಅಪಾಯ ಬ್ರಿಟನ್ನಿನ ಮಟ್ಟಿಗೆ ನಿಜವಾದದ್ದು.

ಆಸ್ಟ್ರೇಲಿಯಾದ ಕಥೆ ಇದಕ್ಕೆ ತದ್ವಿರುದ್ಧ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಜಾರಿಗೆ ತಂದ ಪದ್ಧತಿಯಲ್ಲಿ ಭೂಮಿಯ ಹಕ್ಕು ಹುಟ್ಟುವುದೇ ಸರ್ಕಾರಿ ನೋಂದಣಿಯಿಂದ. ಆ ನೋಂದಣಿಗೆ ಆಧಾರವಾದ ನಕ್ಷೆಗೆ ಸಹಿ ಹಾಕುವ ಅಧಿಕಾರ ಇರುವುದು ನೋಂದಾಯಿತ ಸರ್ವೇಯರ್‌ಗೆ ಮಾತ್ರ. ಆ ಅಧಿಕಾರವನ್ನು ವಿಶ್ವವಿದ್ಯಾಲಯ ಕೊಡುವುದಿಲ್ಲ. ಪ್ರತಿ ರಾಜ್ಯದಲ್ಲೂ ಇರುವ ಸರ್ವೇಯರ್‌ಗಳ ಮಂಡಳಿ ಒಪ್ಪುವ ಪದವಿ ಮೊದಲು ಬೇಕು, ಬಳಿಕ ನೋಂದಾಯಿತ ಸರ್ವೇಯರ್ ಒಬ್ಬರ ಕೈಕೆಳಗೆ ವರ್ಷಗಳ ತರಬೇತಿ ಬೇಕು, ಆಮೇಲೆ ಮಂಡಳಿ ನಡೆಸುವ ಪರೀಕ್ಷೆ ಇರುತ್ತದೆ. ಮಂಡಳಿಗಳು ಸಾಮಾನ್ಯವಾಗಿ ಒಪ್ಪುವುದು ಸರ್ವೆಯಲ್ಲಿನ ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಸಮನೆಂದು ಅವು ಮಾನ್ಯ ಮಾಡಿದ ನಿರ್ದಿಷ್ಟ ಸ್ನಾತಕೋತ್ತರ ಪದವಿ. ಒಂದೂವರೆ ವರ್ಷದ ಜಿಯೋಸ್ಪೇಷಿಯಲ್ ಸ್ನಾತಕೋತ್ತರ ಪದವಿ ಮುಗಿಸಿದ ಮಾತ್ರಕ್ಕೆ ಅಲ್ಲಿ ಹದ್ದುಬಸ್ತು ಮಾಡುವ ಅಧಿಕಾರ ಬರುತ್ತದೆ ಎಂದುಕೊಂಡರೆ ನಿರಾಶೆ ಕಾದಿದೆ.

ಅಮೆರಿಕದಲ್ಲಿ ಪರವಾನಗಿ ಕೊಡುವುದು ಒಂದೊಂದು ರಾಜ್ಯ. ಮೂಲಭೂತ ವಿಷಯಗಳ ಪರೀಕ್ಷೆಯೊಂದು, ಅನುಭವದ ನಂತರ ವೃತ್ತಿ ಪರೀಕ್ಷೆ ಮತ್ತೊಂದು, ಇವೆರಡನ್ನೂ ರಾಷ್ಟ್ರಮಟ್ಟದ ಒಂದು ಪರೀಕ್ಷಾ ಮಂಡಳಿ ಸಿದ್ಧಪಡಿಸುತ್ತದೆ. ಅದರ ಮೇಲೆ ರಾಜ್ಯದ ಸ್ವಂತ ಕಾನೂನಿನ ಪರೀಕ್ಷೆಯೂ ಇರುತ್ತದೆ. ಕೆನಡಾದಲ್ಲಿ ಪ್ರಾಂತ್ಯವಾರು ಸಂಘಗಳಿವೆ, ವಿದೇಶಿ ಪದವಿಗಳನ್ನು ವಿಷಯವಾರು ಪರಿಶೀಲಿಸಿ ಕೊರತೆಯಿರುವ ವಿಷಯಗಳಿಗೆ ಪರೀಕ್ಷೆ ಬರೆಸುವ ಒಂದು ಮಂಡಳಿಯೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಮತ್ತು ಕೆಲಸದ ಅನುಭವದ ನಂತರ ಸರ್ಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗಷ್ಟೇ ಎಂಜಿನಿಯರ್-ಜಿಯೋಮೀಟರ್ ಎಂಬ ಅಧಿಕಾರ ಪತ್ರ ಸಿಗುತ್ತದೆ. ಈ ಕಠಿಣ ಕ್ರಮಗಳಿಗೆ ಸಂಘಗಳ ಸ್ವಹಿತವೊಂದೇ ಕಾರಣವಲ್ಲ. ಅಮೆರಿಕದ ಹಳೆಯ ಕ್ರಯಪತ್ರವೊಂದರಲ್ಲಿ ಬರೆದ ದೂರಕ್ಕೂ ನೆಲದಲ್ಲಿ ಸಿಕ್ಕ ಮೂಲ ಗುರುತಿಗೂ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ನ್ಯಾಯಾಲಯ ನೆಲದ ಗುರುತನ್ನೇ ಹಿಡಿಯುತ್ತದೆ. ಅಂದರೆ ಅತ್ಯಂತ ನಿಖರವಾಗಿ ಅಳೆದವನು, ಗಣಿತದಲ್ಲಿ ಸರಿಯಾಗಿದ್ದೂ, ಕಾನೂನಿನಲ್ಲಿ ತಪ್ಪಾಗಬಹುದು. ಮಾತೃಕೆಗಳನ್ನು ಬಿಡಿಸಿ ಬಂದ ವಿದ್ಯಾರ್ಥಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಾಲ ಹಿಡಿಯುತ್ತದೆ.

ಇಲ್ಲೊಂದು ಕುತೂಹಲದ ಸಂಗತಿ ಇದೆ. ನೆಲದ ಮೇಲೆ ಇಷ್ಟೊಂದು ಬೇಲಿಗಳಿದ್ದರೂ ಸಮುದ್ರದಲ್ಲಿ ಆ ಬೇಲಿ ಇಲ್ಲ. ಸಮುದ್ರದ ಆಳ ಅಳೆಯುವ ಹೈಡ್ರೋಗ್ರಫಿಗೆ ಅಂತರರಾಷ್ಟ್ರೀಯ ಸರ್ವೇಯರ್‌ಗಳ ಒಕ್ಕೂಟ, ಅಂತರರಾಷ್ಟ್ರೀಯ ಹೈಡ್ರೋಗ್ರಫಿ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ನಕ್ಷಾಶಾಸ್ತ್ರ ಸಂಘ ಸೇರಿ ರಚಿಸಿದ ಮಂಡಳಿಯೊಂದು ಶಿಕ್ಷಣದ ಮಟ್ಟವನ್ನು ನಿಗದಿ ಮಾಡುತ್ತದೆ. ಆ ಮಂಡಳಿ ಎ ವರ್ಗದ ಮಾನ್ಯತೆ ಕೊಟ್ಟ ಪದವಿಯನ್ನು ಬಂದರುಗಳೂ ಸಮುದ್ರ ಸರ್ವೆ ಕಂಪನಿಗಳೂ ದೇಶಭೇದವಿಲ್ಲದೆ ಗುರುತಿಸುತ್ತವೆ. ಜರ್ಮನಿಯ ಹ್ಯಾಂಬರ್ಗ್‌ನ ಹಾಫೆನ್‌ಸಿಟಿ ವಿಶ್ವವಿದ್ಯಾಲಯ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ, ಸದರ್ನ್ ಮಿಸಿಸಿಪಿ ವಿಶ್ವವಿದ್ಯಾಲಯ ಈ ವಿಷಯಕ್ಕೆ ಹೆಸರಾದವು. ಹಡಗಿನಲ್ಲಿ ವಾರಗಟ್ಟಲೆ ಕಳೆಯಲು ಅಂಜದವರಿಗೆ, ಒಂದೇ ಪದವಿಯನ್ನು ಹಲವು ದೇಶಗಳಲ್ಲಿ ಬಳಸಬೇಕೆನ್ನುವವರಿಗೆ, ಇದು ಹೆಚ್ಚು ಜನ ಗಮನಿಸದ ಒಳ್ಳೆಯ ದಾರಿ.

ಗಡಿಯ ಅಧಿಕಾರ ಬೇಡ, ಅಳತೆ ಮತ್ತು ಮಾಹಿತಿಯ ಕೆಲಸ ಸಾಕು ಎನ್ನುವವರಿಗೆ ಪರವಾನಗಿಯ ಚಿಂತೆ ಕಡಿಮೆ. ಸುರಂಗ ಮತ್ತು ರೈಲು ಮಾರ್ಗಗಳ ನಿರ್ಮಾಣದಲ್ಲಿ ಅಳತೆ ನಿಯಂತ್ರಿಸುವ ಎಂಜಿನಿಯರ್, ಅಣೆಕಟ್ಟಿನ ಚಲನೆ ಗಮನಿಸುವವರು, ಉಪಗ್ರಹ ಚಿತ್ರಗಳಿಂದ ಬೆಳೆ ಅಥವಾ ಪ್ರವಾಹದ ನಕ್ಷೆ ಮಾಡುವವರು, ನಕ್ಷಾ ತಂತ್ರಾಂಶ ಬರೆಯುವವರು ಬಹುತೇಕ ದೇಶಗಳಲ್ಲಿ ಪರವಾನಗಿ ಇಲ್ಲದೆಯೇ ಕೆಲಸ ಮಾಡುತ್ತಾರೆ. ವಿದೇಶದಲ್ಲಿ ಓದಿ ಅಲ್ಲಿಯೇ ಕೆಲಸಕ್ಕೆ ಸೇರುವ ಉದ್ದೇಶವಿದ್ದರೆ ಈ ಭಾಗವನ್ನೇ ಗುರಿಯಾಗಿಟ್ಟುಕೊಳ್ಳುವುದು ವಾಸ್ತವಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಓದು ಮುಗಿಸಿ ಸ್ವದೇಶಕ್ಕೆ ಮರಳುವವರಿಗೂ ಇದೇ ಭಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೇರೊಂದು ದೇಶದ ಭೂ ಕಾನೂನನ್ನು ಕಂಠಪಾಠ ಮಾಡಿ ಬಂದವರಿಗೆ ಅದನ್ನು ಪ್ರಯೋಗಿಸುವ ನೆಲವೇ ಸಿಗುವುದಿಲ್ಲ. ಭೂ ಆಡಳಿತವನ್ನು ಹಲವು ದೇಶಗಳ ಹೋಲಿಕೆಯಲ್ಲಿ ಕಲಿಸುವ ಪದವಿಗಳದ್ದು ಬೇರೆ ದಾರಿ. ಅವು ಕಂದಾಯ ಮತ್ತು ಭೂದಾಖಲೆ ಇಲಾಖೆಗಳಲ್ಲಿ ಈಗಾಗಲೇ ಇರುವ ಅಧಿಕಾರಿಗಳಿಗೆ ಹೇಳಿ ಮಾಡಿಸಿದಂತಿರುತ್ತವೆ.

ಅಂಥ ಪದವಿಗಳಿಗೆ ಬಹಳ ಕಾಲದಿಂದ ಹೆಸರಾಗಿರುವುದು ನೆದರ್ಲೆಂಡ್ಸ್‌ನ ಐಟಿಸಿ ಎಂಬ ಶಿಕ್ಷಣ ಸಂಸ್ಥೆ. ಎರಡನೇ ಮಹಾಯುದ್ಧದ ನಂತರ ಆ ದೇಶದ ಪ್ರಧಾನಿಯಾಗಿದ್ದ, ವೃತ್ತಿಯಿಂದ ಫೋಟೊಗ್ರಾಮೆಟ್ರಿಯ ಪ್ರಾಧ್ಯಾಪಕರಾಗಿದ್ದ ವಿಲ್ಲೆಮ್ ಸ್ಕೆರ್ಮರ್‌ಹೋರ್ನ್ ಅವರ ನೇತೃತ್ವದಲ್ಲಿ ಅದು 1950ರಲ್ಲಿ ಡೆಲ್ಫ್ಟ್‌ನಲ್ಲಿ ಆರಂಭವಾಯಿತು. ಅಭಿವೃದ್ಧಿಶೀಲ ದೇಶಗಳ ಸರ್ವೆ ಅಧಿಕಾರಿಗಳಿಗೆ ವೈಮಾನಿಕ ಚಿತ್ರಗಳಿಂದ ನಕ್ಷೆ ಮಾಡುವುದನ್ನು ಕಲಿಸುವುದು ಅದರ ಮೂಲ ಉದ್ದೇಶವಾಗಿತ್ತು. 1970ರ ದಶಕದ ಆರಂಭದಲ್ಲಿ ಎನ್‌ಸ್ಕೆಡೆ ನಗರಕ್ಕೆ ಸ್ಥಳಾಂತರಗೊಂಡ ಆ ಸಂಸ್ಥೆ 2010ರಲ್ಲಿ ಟ್ವೆಂಟೆ ವಿಶ್ವವಿದ್ಯಾಲಯದ ಒಂದು ನಿಕಾಯವಾಯಿತು. ಒಂದೇ ತರಗತಿಯಲ್ಲಿ ಹತ್ತಾರು ದೇಶಗಳ ಭೂದಾಖಲೆ ವ್ಯವಸ್ಥೆಗಳನ್ನು ಬಲ್ಲವರು ಕುಳಿತಿರುವುದು ಅಲ್ಲಿನ ವಿಶೇಷ. ಪಾಠದಷ್ಟೇ ಸಹಪಾಠಿಗಳಿಂದಲೂ ಕಲಿಯುವುದಿರುತ್ತದೆ.

ಅವಧಿಯ ವಿಷಯದಲ್ಲಿ ದೇಶಗಳ ನಡುವೆ ದೊಡ್ಡ ವ್ಯತ್ಯಾಸವಿದೆ. ಬ್ರಿಟನ್ನಿನ ಎಂಎಸ್ಸಿ ಸಾಮಾನ್ಯವಾಗಿ ಒಂದೇ ವರ್ಷದ್ದು, 180 ಬ್ರಿಟಿಷ್ ಕ್ರೆಡಿಟ್‌ಗಳದ್ದು, ಅದರಲ್ಲಿ 60 ಕ್ರೆಡಿಟ್ ಬೇಸಿಗೆಯಲ್ಲಿ ಬರೆಯುವ ಪ್ರಬಂಧಕ್ಕೆ ಮೀಸಲು. ಯುರೋಪಿನ ಭೂಖಂಡದಲ್ಲಿ ಎರಡು ವರ್ಷ, 120 ಇಸಿಟಿಎಸ್ (ಯುರೋಪಿನ ದೇಶಗಳ ಸಾಮಾನ್ಯ ಅಳತೆಯ) ಕ್ರೆಡಿಟ್ ಎಂಬುದು ರೂಢಿ. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆಗಳ ಕೆಲಸ, ಹಾಗಾಗಿ 30 ಕ್ರೆಡಿಟ್‌ನ ಪ್ರಬಂಧ 750ರಿಂದ 900 ಗಂಟೆಗಳ ಶ್ರಮ. ಎರಡು ಬ್ರಿಟಿಷ್ ಕ್ರೆಡಿಟ್‌ಗಳು ಒಂದು ಇಸಿಟಿಎಸ್‌ಗೆ ಸಮ ಎಂದು ಲೆಕ್ಕ ಹಾಕುವುದರಿಂದ, ಬ್ರಿಟಿಷ್ ಪದವಿ 90 ಇಸಿಟಿಎಸ್‌ಗೆ ನಿಲ್ಲುತ್ತದೆ. ಒಂದು ವರ್ಷದ ಪದವಿ ಹಣ ಮತ್ತು ಸಮಯ ಉಳಿಸುತ್ತದೆ ನಿಜ, ಆದರೆ ಸೆಪ್ಟೆಂಬರ್‌ನಲ್ಲಿ ಸೇರಿದವರು ಡಿಸೆಂಬರ್ ಹೊತ್ತಿಗೆ ಪ್ರಬಂಧದ ವಿಷಯ ಯೋಚಿಸಬೇಕಾಗುತ್ತದೆ. ಆಗಿನ್ನೂ ಜಿಯಾಯ್ಡ್ ಎಂದರೇನೆಂಬುದೇ ಸರಿಯಾಗಿ ತಲೆಗೆ ಇಳಿದಿರುವುದಿಲ್ಲ. ಮುಂದೆ ಪಿಎಚ್‌ಡಿ ಮಾಡುವ ಇಚ್ಛೆ ಇರುವವರಿಗೆ ಎರಡು ವರ್ಷದ ಪದವಿಯೇ ಮೇಲು.

ಸಿವಿಲ್ ಎಂಜಿನಿಯರಿಂಗ್, ಭೂಗೋಳ, ಭೌತವಿಜ್ಞಾನ, ಕಂಪ್ಯೂಟರ್ ವಿಜ್ಞಾನ ಓದಿದವರಿಗೆಲ್ಲ ಈ ಬಾಗಿಲು ತೆರೆದಿರುತ್ತದೆಯಾದರೂ ಪ್ರತಿಯೊಬ್ಬರಿಗೂ ತಮ್ಮದೇ ಕೊರತೆ ಇರುತ್ತದೆ. ಸಿವಿಲ್ ಓದಿದವರಿಗೆ ಕ್ಷೇತ್ರದ ಅನುಭವವಿದ್ದರೂ ಸಂಖ್ಯಾಶಾಸ್ತ್ರ ಮರೆತಿರುತ್ತದೆ. ಭೂಗೋಳ ಓದಿದವರಿಗೆ ಜಿಐಎಸ್ ಕರಗತವಾಗಿದ್ದರೂ ರೇಖೀಯ ಬೀಜಗಣಿತ ಕಷ್ಟವಾಗುತ್ತದೆ. ಕಂಪ್ಯೂಟರ್ ಓದಿದವರು ಲಕ್ಷಾಂತರ ಬಿಂದುಗಳನ್ನು ಕ್ಷಣದಲ್ಲಿ ಸಂಸ್ಕರಿಸಿ, ಅವು ಯಾವ ನಿರ್ದೇಶಾಂಕ ವ್ಯವಸ್ಥೆಯಲ್ಲಿವೆ ಎಂಬುದನ್ನು ಕೇಳಲು ಮರೆಯುತ್ತಾರೆ. ಉದ್ದೇಶ ಪತ್ರದಲ್ಲಿ ಬಾಲ್ಯದಿಂದಲೇ ನಕ್ಷೆಗಳೆಂದರೆ ಪ್ರೀತಿ ಎಂದು ಬರೆಯುವುದಕ್ಕಿಂತ, ತಾನು ಮಾಡಿದ ಒಂದು ಅಳತೆಯಲ್ಲಿ ಬಂದ ದೋಷ ಎಷ್ಟು, ಅದರ ಮೂಲ ಯಾವುದೆಂದು ಹೇಗೆ ಪತ್ತೆ ಮಾಡಿದೆ ಎಂಬುದನ್ನು ಅರ್ಧ ಪುಟದಲ್ಲಿ ಹೇಳಿದರೆ ಓದುವ ಪ್ರಾಧ್ಯಾಪಕರ ಗಮನ ಅಲ್ಲಿ ನಿಲ್ಲುತ್ತದೆ.

ಖರ್ಚಿನ ಬಗ್ಗೆ ಚುಟುಕಾಗಿ ಹೇಳುವುದಾದರೆ, ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಸ್ಟುಟ್‌ಗಾರ್ಟ್ ಮತ್ತು ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಪ್ರತಿ ಸೆಮಿಸ್ಟರ್‌ಗೆ 1,500 ಯೂರೊ ವಿಧಿಸುತ್ತದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಆರಂಭಿಸಿದೆ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡುಸ್ ಯೋಜನೆಯ ಜಂಟಿ ಪದವಿಗಳಲ್ಲಿ ಒಂದೊಂದು ಸೆಮಿಸ್ಟರ್ ಒಂದೊಂದು ದೇಶದಲ್ಲಿ ಕಳೆಯುವ ಅವಕಾಶವಿದ್ದು, ವಿದ್ಯಾರ್ಥಿವೇತನ ಗಿಟ್ಟಿಸಿದವರಿಗೆ ಶುಲ್ಕವಿನಾಯಿತಿ ಜೊತೆಗೆ ತಿಂಗಳಿಗೆ 1,400 ಯೂರೊ ಸಿಗುತ್ತದೆ. ಲಿಸ್ಬನ್, ಮುನ್‌ಸ್ಟರ್ ಮತ್ತು ಸ್ಪೇನಿನ ಕಾಸ್ಟೆಯೋನ್ ನಗರಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತ ಬಂದ ಜಿಯೋಸ್ಪೇಷಿಯಲ್ ತಂತ್ರಜ್ಞಾನದ ಪದವಿ ಈ ಬಗೆಯದು. ಇದಕ್ಕೆ ಪೈಪೋಟಿ ತೀವ್ರ.

ಪಾಠ ಇಂಗ್ಲಿಷಿನಲ್ಲಿದ್ದರೂ ಕೆಲಸ ಇಂಗ್ಲಿಷಿನಲ್ಲಿ ಇರುವುದಿಲ್ಲ ಎಂಬುದನ್ನು ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್ ಕಡೆ ಹೋಗುವವರು ನೆನಪಿಡಬೇಕು. ಸರ್ವೆ ತಂಡ ಕಾಮಗಾರಿ ಸ್ಥಳದಲ್ಲಿ ಮೇಸ್ತ್ರಿಯೊಂದಿಗೆ, ಜಮೀನಿನ ಮಾಲೀಕರೊಂದಿಗೆ, ಪುರಸಭೆಯ ಗುಮಾಸ್ತರೊಂದಿಗೆ ಮಾತನಾಡಬೇಕು, ಆ ಮಾತು ಸ್ಥಳೀಯ ಭಾಷೆಯಲ್ಲಿಯೇ ನಡೆಯುತ್ತದೆ. ಉಪಗ್ರಹ ದತ್ತಾಂಶ ಮತ್ತು ತಂತ್ರಾಂಶದ ಕಂಪನಿಗಳಲ್ಲಿ ಈ ತೊಡಕು ಕಡಿಮೆ. ಹಾಗಾಗಿ ಭಾಷೆ ಕಲಿಯಲು ಆಸಕ್ತಿ ಇದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟುಕೊಂಡರೆ ಯಾವ ವಿಷಯದಲ್ಲಿ ಪರಿಣತಿ ಪಡೆಯಬೇಕೆಂಬುದೂ ಅರ್ಧ ನಿರ್ಧಾರವಾದಂತೆ.

ಕೊನೆಯದಾಗಿ ಕಾಗದಪತ್ರಗಳ ವಿಷಯ. ಪದವಿ ಮುಗಿದ ಹಲವು ವರ್ಷಗಳ ನಂತರ ಯಾವುದೋ ದೇಶದ ಪರವಾನಗಿ ಮಂಡಳಿಗೆ ಅರ್ಜಿ ಹಾಕುವ ಸಂದರ್ಭ ಬಂದರೆ, ಅದು ಪದವಿಯ ಹೆಸರನ್ನೋ ವಿಶ್ವವಿದ್ಯಾಲಯದ ಶ್ರೇಯಾಂಕವನ್ನೋ ನೋಡುವುದಿಲ್ಲ; ಪ್ರತಿ ವಿಷಯದಲ್ಲಿ ಏನೇನು ಕಲಿಸಲಾಯಿತು, ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಕ್ಷೇತ್ರಕಾರ್ಯ ಎಂಬ ವಿವರ ಕೇಳುತ್ತದೆ. ಅಷ್ಟರಲ್ಲಿ ವಿಭಾಗದ ಹೆಸರು ಮತ್ತೊಮ್ಮೆ ಬದಲಾಗಿರಬಹುದು, ಹಳೆಯ ಪಠ್ಯಕ್ರಮ ಯಾರ ಬಳಿಯೂ ಸಿಗದಿರಬಹುದು. ಆದ್ದರಿಂದ ಸೇರಿದ ಮೊದಲ ವಾರದಲ್ಲಿಯೇ ಆ ವರ್ಷದ ಪಠ್ಯ ಕೈಪಿಡಿಯನ್ನು ಪೂರ್ತಿ ಇಳಿಸಿಕೊಂಡು, ಪ್ರತಿ ಸೆಮಿಸ್ಟರ್‌ನ ಕ್ಷೇತ್ರ ಪುಸ್ತಕ ಮತ್ತು ವರದಿಗಳನ್ನು ಅದರ ಜೊತೆ ಸೇರಿಸಿ ಇಟ್ಟುಕೊಂಡಿರಬೇಕು.